ಕೈ ನೋಡದೆ ಆರಿಸಿದ ಮರ

೧೧ ಫೆಬ್ರವರಿ ೨೦೨೫, ಮಂಗಳವಾರ

ಮೊನ್ನೆ ಭಾನುವಾರ ನಮ್ಮ ಗಿಟಾರ್ ಸಂಘದ ಸಭೆಯಲ್ಲಿ ಕಾರ್ಯದರ್ಶಿ ಅಮರೇಶ್ ಮಾಡಿದ್ದು ಅನ್ಯಾಯ. ನೈಲಾನ್ ತಂತಿಯ ಗಿಟಾರಿಗೆ ದನಿ ಹೊಮ್ಮಿಸುವ ಮುಖಹಲಗೆ ಸ್ಪ್ರೂಸ್ ಮರದ್ದೇ ಆಗಬೇಕು, ಸೀಡರ್ ಮರದ ಗಿಟಾರ್ ತಂದವರಿಗೆ ಯುಗಾದಿ ಸಂಗೀತ ಕಛೇರಿಯಲ್ಲಿ ಜಾಗವಿಲ್ಲ ಎಂದು ಮೈಕಿನಲ್ಲಿ ಸಾರಿದರು. ನನ್ನ ತಮ್ಮನ ಮಗಳು ಸಿಂಚನ ಎದ್ದು ತನಗೆ ಸೀಡರೇ ಬೇಕೆಂದಾಗ, "ಉಗುರು ಬೆಳಸ್ಕೊಳಮ್ಮ. ಆಗಲ್ವಾ? ಗಿಟಾರ್ ಬುಟ್ಟು ಭಜನೆಗೆ ತಾಳ ಹಾಕು" ಅಂದರು. ಸಭೆ ನಕ್ಕಿತು.

ಅವಳು ನರ್ಸ್. ಉಗುರು ಬೆಳೆಸಿದರೆ ವಾರ್ಡಿನೊಳಗೆ ಬಿಡುವುದಿಲ್ಲ. ಬೆರಳ ತುದಿಯಿಂದಲೇ ಮೆಲ್ಲಗೆ ಮೀಟುತ್ತಾಳೆ. ಅಂಥ ಮೀಟಿಗೆ ಸೀಡರ್ ತಟ್ಟನೆ ಓಗೊಡುತ್ತದೆ. ಸ್ಪ್ರೂಸ್ ಉಗುರಿನ ಬಲ ಕೇಳುತ್ತದೆ. ಎರವಲು ತಂದ ಸ್ಪ್ರೂಸ್ ಗಿಟಾರಿನಿಂದ ದನಿ ಹೊರಡಿಸಲು ಹೆಣಗಿ ಮಣಿಕಟ್ಟು ಊದಿಸಿಕೊಂಡಿದ್ದಾಳೆ.

ಅಂದು ಸಂಜೆ ನಮ್ಮನೆಗೆ ಬಂದವಳು, "ಸಾಕು ಕಣತ್ತೆ, ನಾನು ನುಡಿಸೋದೇ ಬುಟ್ಬುಡ್ತೀನಿ" ಅಂದಳು. ಕಾಫಿ ಕೊಟ್ಟೆ, ಅಷ್ಟೇ.

ನನಗೆ ಮರೆವಿಲ್ಲ, ಅದೇ ಕಷ್ಟ. ತೊಂಬತ್ತೆಂಟರಲ್ಲಿ ಮೊನ್ನೆ ಸಭೆ ನಡೆದ ಬನ್ನಿಮಂಟಪದ ಇದೇ ಸಭಾಂಗಣದಲ್ಲಿ, ಉಗುರು ಸೀಳಿಕೊಂಡಿದ್ದ ಇದೇ ಅಮರೇಶ್, "ಮೊದ್ಲು ಕೈ ನೋಡ್ರೀ, ಆಮೇಲೆ ಮರ" ಎಂದು ಸೀಡರ್ ಗಿಟಾರನ್ನೇ ನುಡಿಸಿದ್ದರು. ಯಾರೂ ನಗಲಿಲ್ಲ.

ಕಣ್ಣು ಎಳೆಯುತ್ತಿದೆ. ಆದರೂ ಬರುವ ಭಾನುವಾರದ ಸಭೆಯಲ್ಲಿ ಎದ್ದು ನಿಂತು ಕೇಳುವವಳೇ: ನಿಮ್ಮ ಕೈಗೆ ಸಂದ ಮರ್ಯಾದೆ ಈ ಹುಡುಗಿಯ ಕೈಗೆ ಯಾಕಿಲ್ಲ? ಮೈಕಿನಲ್ಲೇ ಹೇಳಿ, ಅಮರೇಶ್.