ಗಂಟೆ ನಿಮ್ಮ ಚರ್ಚಿನಲ್ಲಿದೆ

ಮಿನೆಸೋಟ, ೯ ಮಾರ್ಚ್ ೧೯೦೫

ಓಸ್ಮುಂಡ್ ಭಾವನವರಿಗೆ ರಾಗ್ನಾಳ ವಂದನೆಗಳು.

ನಿಮ್ಮ ತಮ್ಮ ಎಂಡ್ರೆ ನಿನ್ನೆ ತೀರಿಕೊಂಡರು. ಶನಿವಾರ ಮಣ್ಣು ಮಾಡುತ್ತೇವೆ.

ದೇವರು ಸ್ವರ್ಗಕ್ಕೆ ಯಾರನ್ನು ಆರಿಸಿಕೊಳ್ಳುತ್ತಾನೆಂಬ ಜಗಳದಲ್ಲಿ ನಮ್ಮ ಚರ್ಚಿನ ಸಭೆ ಒಡೆದಾಗ ಗಂಟೆ ನಿಮ್ಮ ಕಡೆಗೇ ಉಳಿಯಿತು. ರಸ್ತೆಯಾಚೆ ನಾವು ಕಟ್ಟಿಕೊಂಡ ಚರ್ಚಿಗೆ ಇವತ್ತಿಗೂ ಗಂಟೆಯಿಲ್ಲ. ಪ್ರತಿ ಭಾನುವಾರ ಇವರು ಅಂಗಳದಲ್ಲಿ ಟೋಪಿ ತೆಗೆದು ನಿಂತು, “ನಮ್ಮಣ್ಣ ಇವತ್ತೂ ಎರಡು ನಿಮಿಷ ಮುಂಚೇನೇ ಹೊಡ್ದ, ಆತುರಗಾರ” ಎನ್ನುತ್ತಿದ್ದರು.

ಸತ್ತವರಿಗೆ ವಯಸ್ಸಿನಷ್ಟು ಸಲ ಗಂಟೆ ಹೊಡೆಯುವುದು ಎರಡೂ ಕಡೆಯ ಪದ್ಧತಿ. ಇವರಿಗೂ ನೀವೇ ಹೊಡೆಯಬೇಕು. ನಿಮ್ಮ ಪಾದ್ರಿ ಬೇಡವೆನ್ನಬಹುದು, ಆದರೆ ಹಗ್ಗ ಇರುವುದು ನಿಮ್ಮ ಕೈಯಲ್ಲಿ.

ಅರವತ್ತೊಂದು ಸಲ, ನಿಧಾನವಾಗಿ. ನೀವಿಬ್ಬರೂ ಮಾತು ಬಿಟ್ಟ ಹದಿನೆಂಟು ವರ್ಷಗಳನ್ನು ಲೆಕ್ಕದಿಂದ ಕಳೆಯಬೇಡಿ. ಅಷ್ಟೂ ವರ್ಷ ಇವರು ನಿಮ್ಮ ಗಂಟೆಯನ್ನು ಕೇಳಿದ್ದಾರೆ.

ನಿಮ್ಮ ತಮ್ಮನ ಹೆಂಡತಿ,
ರಾಗ್ನಾ