ಗ್ಲಾಸಿನಲ್ಲಿ ಸುಟ್ಟ ನೂಲು

ಅಕ್ಕಾ,

ನಮ್ಮ ಮದ್ಯದ ಕಾರ್ಖಾನೆಯವರು ತರಬೇತಿಗೆ ಕಳಿಸಿದ ಈ ಸ್ಕಾಟ್ಲೆಂಡ್ ದ್ವೀಪದಲ್ಲಿ ಜೌಗುನೆಲದ ಮಣ್ಣು ಸುಟ್ಟು, ಆ ಹೊಗೆಯಲ್ಲಿ ಬಾರ್ಲಿ ಒಣಗಿಸಿ ವಿಸ್ಕಿ ಮಾಡುತ್ತಾರೆ. ಇವತ್ತು ಪೀಪಾಯಿಯಲ್ಲಿ ಮೂರು ವರ್ಷ ಇಟ್ಟದ್ದನ್ನೂ ಐದು ವರ್ಷ ಇಟ್ಟದ್ದನ್ನೂ ಹೋಲಿಸಲು ಕೊಟ್ಟರು. ಬಾಯಿಗೆ ಹಾಕಿ ಉಗುಳುತ್ತೇನೆ, ಕುಡಿಯುವುದಿಲ್ಲ ಎಂದು ಅವ್ವನಿಗೆ ಹೇಳು.

ಐದು ವರ್ಷದ್ದು ಮೆತ್ತಗಿತ್ತು. ಮೂರು ವರ್ಷದ್ದು ಮೂಗಿಗೆ ಬಡಿದೊಡನೆ "ಸುಟ್ಟ ನೂಲು" ಎಂದುಬಿಟ್ಟೆ. ಕಲಿಸುವ ಮುದುಕ ಖುಷಿಯಿಂದ ಬರೆದುಕೊಂಡ. ಬನಹಟ್ಟಿಯ ಮಗ್ಗದ ಶೆಡ್ಡಿಗೆ ಬೆಂಕಿ ಬಿದ್ದು, ನಿನ್ನ ಕೈಹಿಡಿದ ಮಾಮಾ ಹೊಗೆಯಲ್ಲಿ ಉಸಿರುಗಟ್ಟಿ ತೀರಿಕೊಂಡದ್ದನ್ನು ನಾನು ಹೇಳಲಿಲ್ಲ.

"ಒಗೀಬ್ಯಾಡ, ಅವರ ವಾಸನಿ ಐತಿ ಅದರಾಗ" ಎಂದು ನೀನು ಟ್ರಂಕಿನಲ್ಲಿಟ್ಟಿರುವ ಮಾಮಾನ ಆ ದಿನದ ಅಂಗಿಯನ್ನು ಇನ್ನು ಒಗೆದುಬಿಡು, ಅಕ್ಕಾ. ಅದೇ ವಾಸನೆ ಇಲ್ಲಿ ಗ್ಲಾಸಿನಲ್ಲಿತ್ತು. ಅದು ಮಾಮಾನದಲ್ಲ.

ಯಲ್ಲಾಲಿಂಗ