ನೀಲಿಯ ಮೇಲಿನ ಹಳದಿ

ಮನೆಯಿಂದ,
ಭಾನುವಾರ, ಮಧ್ಯಾಹ್ನ

ನನ್ನ ಸಿಡುಕಿ ಮಗಳಿಗೆ ಅಮ್ಮನ ಮುತ್ತುಗಳು.

ಫೋನು ಎತ್ತುವುದಿಲ್ಲ ಎಂದು ನೀನು ಹಟ ಹಿಡಿದು ಕೂತಿದ್ದೀಯ, ಅದಕ್ಕೇ ಕಾಗದ. ಇದನ್ನಾದರೂ ಪೂರ್ತಿ ಓದು. ನಿನ್ನ ಕಾಲಿನ ಸಮಾಚಾರವನ್ನು ಚಿಕ್ಕಮ್ಮ ಹೇಳುತ್ತಲೇ ಇರುತ್ತಾಳೆ. ಊರುಗೋಲು ಬಿಟ್ಟು ಮೆಟ್ಟಿಲು ಹತ್ತಿದೆಯಂತೆ, ಕೇಳಿ ಹೊಟ್ಟೆ ತಣ್ಣಗಾಯಿತು. ಅವಳ ಮೇಲೆ ರೇಗಬೇಡ, ನಾನೇ ಬಾಯಿ ಬಿಡಿಸುತ್ತೇನೆ. ಈ ಕಾಗದದ ವಿಷಯ ಅಪ್ಪನಿಗೆ ಗೊತ್ತಿಲ್ಲ. ಗ್ಯಾರೇಜನ್ನು ತಿಂಗಳ ಕೊನೆಗೆ ಖಾಲಿ ಮಾಡಿ ಬಿಟ್ಟುಕೊಡುತ್ತಾರಂತೆ. ಸಾಮಾನು ಕಟ್ಟುವುದಕ್ಕೆ ಹೋಗಿದ್ದಾರೆ, ಬರುವಷ್ಟರಲ್ಲಿ ನಾನು ಮುಗಿಸಬೇಕು.

ರೇಸಿನಲ್ಲಿ ಸ್ವಂತ ಮಗಳನ್ನೇ ಬೈಕಿನಿಂದ ಕೆಡವಿದವನ ಕೈಗೆ ಇನ್ಯಾರು ಗಾಡಿ ಕೊಡುತ್ತಾರೆ ಎನ್ನುತ್ತಾರೆ. ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಟದಲ್ಲಿ ನೀನು ಯಾರ ಮಗಳು ಎಂದು ಬೇರೆ ಹೇಳಬೇಕೆ?

ನೀನು ಮನೆ ಬಿಟ್ಟು ಹೋದ ದಿನ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಗ್ಯಾರೇಜಿನ ಧೂಳಿನಲ್ಲಿ ರೇಸ್ ಇಂಜಿನ್ನನ್ನು ಬಿಚ್ಚಬಾರದು ಎಂದು ಅಪ್ಪ ಎಂದಿನಂತೆ ಅದನ್ನು ನಮ್ಮ ನಡುಮನೆಯ ಮೇಜಿನ ಮೇಲೆ ಇಟ್ಟಿದ್ದರು. ನೀನು ಆಸ್ಪತ್ರೆಯಿಂದ ಬಂದವಳೇ, ನೀರನ್ನೂ ಕುಡಿಯದೆ, ಊರುಗೋಲಿನ ಮೇಲೆ ಬಗ್ಗಿ ಅದರ ತಳ ನೋಡಿದೆ. ಎಣ್ಣೆ ನಿಲ್ಲುವ ತಳದ ಕವರನ್ನು ರೇಸಿನ ಹಿಂದಿನ ಸಂಜೆ ಹಾಕಿದವಳು ನೀನು. ಅಲ್ಲಿ ನಿನ್ನ ನೀಲಿ ಇರಬೇಕಿತ್ತು. ಇದ್ದದ್ದು ಬರೀ ಹಳದಿ.

ಇಬ್ಬರೂ ಮಾಡಿಕೊಂಡ ಕಾನೂನು ಅದು: ಬೋಲ್ಟು ಬಿಗಿದವರು ತಮ್ಮ ಬಣ್ಣದ ಚುಕ್ಕೆ ಇಡಬೇಕು, ಇನ್ನೊಬ್ಬರು ಪರೀಕ್ಷೆ ಮಾಡಿ ಅದರ ಮೇಲೆ ತಮ್ಮ ಬಣ್ಣದ ಅಡ್ಡಗೀಟು ಎಳೆಯಬೇಕು. ಅಪ್ಪನದು ಹಳದಿ, ನಿನ್ನದು ನೀಲಿ. ಒಮ್ಮೆ ನನ್ನ ಸಕ್ಕರೆ ಡಬ್ಬದ ಮುಚ್ಚಳಕ್ಕೂ ಚುಕ್ಕೆ ಇಟ್ಟು ಗೀಟೆಳೆದು ಅಪ್ಪ ಮಗಳು ಕಿಸಕಿಸ ನಕ್ಕಿದ್ದಿರಿ.

ಅವತ್ತು ನೀನು ನಗಲಿಲ್ಲ. "ನನಗೆ ಹೇಳದೇ ಮತ್ತೆ ಬಿಚ್ಚಿದ್ರಾ? ನನ್ನ ಕೈ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ವಾ? ಬಿಚ್ಚಿ, ಕೆಡಿಸಿ, ನನ್ನನ್ನ ಕೆಡವಿದ್ರಲ್ಲ!" ಎಂದು ಕಿರುಚಿದೆ. ಅಪ್ಪ "ಹೌದು" ಎಂದರು. ಅಷ್ಟೇ. ಸಂಜೆಯೊಳಗೆ ನೀನು ಚಿಕ್ಕಮ್ಮನ ಮನೆ ಸೇರಿದೆ.

ಆಮೇಲೆ ಅಪ್ಪ ಸ್ಪ್ಯಾನರ್ ಮುಟ್ಟುವುದನ್ನೇ ಬಿಟ್ಟು, ಇಂಜಿನ್ನಿನ ಮೇಲೆ ಹಾಸಿಗೆಯ ಚಾದರ ಹೊದಿಸಿದರು. ನಡುಮನೆಯಲ್ಲಿ ಯಾರೋ ಸತ್ತು ಮಲಗಿದ ಹಾಗೆ ಕಾಣುತ್ತಿತ್ತು ಕಣೇ. ಊಟದ ತಟ್ಟೆ ಹಿಡಿದು ಅಲ್ಲಿ ಕೂರುವುದಕ್ಕೂ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ನನಗೆ ತಡೆಯದೆ ಚಾದರ ಎಳೆದು ಹಾಕಿದೆ. ಇದು ಒಂದೋ ಓಡಬೇಕು, ಇಲ್ಲವೇ ಮನೆಯಿಂದ ಆಚೆ ಹೋಗಬೇಕು, ನೀವು ಕೂತು ಹೇಳಿ ನಾನು ಬಿಚ್ಚುತ್ತೇನೆ ಎಂದೆ. "ನಿನಗ್ಯಾಕೆ ಈ ಉಸಾಬರಿ?" ಎಂದರು. ಇಡೀ ಆಯುಸ್ಸು ಹೊಲಿಗೆ ಮಿಷನ್ನು ಬಿಚ್ಚಿ ಜೋಡಿಸಿದವಳು ನಾನು, ಮೇಲೆ ಕೆಳಗೆ ಕುಣಿಯುವ ಸೂಜಿಯನ್ನು ಹದಕ್ಕೆ ತಂದವಳಿಗೆ ನಿಮ್ಮ ಪಿಸ್ಟನ್ನು ಯಾವ ಮಹಾ ಎಂದು ಕೇಳಿದೆ. ನಗಲಿಲ್ಲ. ಆದರೆ ಸ್ಟೂಲು ಎಳೆದುಕೊಂಡು ಕೂತರು.

ಮೇಲಿನಿಂದ ಬಿಚ್ಚುತ್ತ ಬಂದೆವು. ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಹಳೆಯ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ತಳದ ಕವರಿನ ಮಾತು ಬಂದಾಗ ಮಾತ್ರ "ಅದನ್ನ ಮುಟ್ಬೇಡ, ನಾನೇ ಬಿಚ್ತೀನಿ" ಎನ್ನುತ್ತಿದ್ದರು. ಈ ಮನುಷ್ಯ ಮುಟ್ಟಬೇಡ ಎಂದರೆ ಅಲ್ಲೇನೋ ಇದೆ ಎಂದು ತಿಳಿಯದಷ್ಟು ಹೊಸ ಹೆಂಡತಿಯಲ್ಲ ನಾನು. ಅವರು ಸ್ನಾನಕ್ಕೆ ಹೋದಾಗ ಇಂಜಿನ್ನನ್ನು ಮಗ್ಗುಲಿಗೆ ಹೊರಳಿಸಿದೆ.

ಬಟ್ಟೆಯಲ್ಲಿ ಮಾಸಿದ ಬಣ್ಣ ಯಾವುದು, ಹೊಸದು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇರೆ ಕಡೆಯ ಹಳದಿಯೆಲ್ಲ ಬಿಸಿಗೆ ಕಂದಿ ಬಿರುಕು ಬಿಟ್ಟಿತ್ತು. ಈ ಕವರಿನ ಹಳದಿ ಮಾತ್ರ ನಿಂಬೆಹಣ್ಣಿನಂತೆ ಹೊಸದಾಗಿತ್ತು. ರೇಸಿನ ಬಿಸಿಯನ್ನೇ ಕಾಣದ ಬಣ್ಣ ಅದು. ಉಗುರಿನಿಂದ ಕೆರೆದೆ. ಕೆಳಗೆ ನಿನ್ನ ನೀಲಿ ಇತ್ತು, ಸುಟ್ಟು ಕಪ್ಪಾಗಿತ್ತು.

ಕವರು ಬಿಚ್ಚಿದೆ. ಎಣ್ಣೆ ಸೋರದಿರಲೆಂದು ಅಂಚಿಗೆ ಹಚ್ಚುವ ಅಂಟನ್ನು ನೀನು ಆವತ್ತು ದಪ್ಪಗೆ ಹಚ್ಚಿದ್ದೆ. ಬಿಗಿದಾಗ ಅದು ಒಳಗೂ ಉಕ್ಕಿ, ಎಳೆ ಎಳೆಯಾಗಿ ಕಿತ್ತುಬಂದು, ಪಂಪು ಎಣ್ಣೆ ಹೀರುವ ಬಾಯಿಯ ಜರಡಿಯನ್ನು ಮುಚ್ಚಿಬಿಟ್ಟಿತ್ತು. ಎಣ್ಣೆ ಸಿಗದೆ ಬೇರಿಂಗು ಕಚ್ಚಿಕೊಂಡಿದೆ, ಹಿಂದಿನ ಚಕ್ರ ಅಲ್ಲಾಡದಂತೆ ಹಿಡಿದುಹೋಗಿದೆ. ತಲೆ ತಗ್ಗಿಸಿ ಅಷ್ಟು ಜೋರಾಗಿ ಹೋಗುತ್ತಿದ್ದವಳಿಗೆ ಎಣ್ಣೆಯ ಕೆಂಪು ದೀಪ ಎಲ್ಲಿ ಕಾಣಬೇಕು!

ತಲೆ ಎತ್ತಿದರೆ ಅಪ್ಪ ಟವೆಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನೀನು ಆಸ್ಪತ್ರೆಯಲ್ಲಿದ್ದಾಗಲೇ ಬಿಚ್ಚಿ ನೋಡಿದರಂತೆ. ಜರಡಿಯನ್ನು ಶುಚಿ ಮಾಡುವುದಕ್ಕೂ ಕೈ ಬಾರದೆ ಹಾಗೇ ಮುಚ್ಚಿ, ನಿನ್ನ ನೀಲಿಯ ಮೇಲೆಲ್ಲ ತಮ್ಮ ಹಳದಿ ಬಳಿದರಂತೆ. ನನಗೆ ಮೈಯೆಲ್ಲ ಉರಿಯಿತು. ಇದೆಂಥ ಕೆಲಸ ಮಾಡಿದಿರಿ ಎಂದು ಕೂಗಿದೆ. "ಕಾಲು ಮುರ್ಕೊಂಡಿದ್ದಾಳೆ. ತನ್ನಿಂದಲೇ ಆಯ್ತು ಅಂತ ಗೊತ್ತಾದ್ರೆ ಮತ್ತೆ ಸ್ಪ್ಯಾನರ್ ಹಿಡೀತಾಳಾ ಅವಳು? ನನ್ನ ಮೇಲೆ ಸಿಟ್ಟಾದ್ರೆ ಆಗ್ಲಿ ಬಿಡು. ಅವಳಿಗೆ ಹೇಳಿದ್ರೆ ನನ್ನಾಣೆ" ಎಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಕಡಿಮೆ. ಅವತ್ತು ನೋಡಿದೆ.

ಈಗ ಆಣೆ ಮುರಿದಿದ್ದೇನೆ. ನೀನು ಕೈಗವಸನ್ನೂ ಸ್ಪ್ಯಾನರ್ ಚೀಲವನ್ನೂ ಯಾರಿಗೋ ಕೊಟ್ಟುಬಿಟ್ಟೆಯಂತೆ. ಅಪ್ಪನಿಗೇ ನಂಬಿಕೆ ಇಲ್ಲದ ಕೈ ಇದು ಎಂದೆಯಂತೆ. ಚಿಕ್ಕಮ್ಮ ಅದನ್ನು ಹೇಳಿದ ಮೇಲೆ ನಾನು ಹೇಗೆ ಸುಮ್ಮನಿರಲಿ? ನಿನ್ನ ಕೈ ಉಳಿಯಲಿ ಎಂದು ಅವರು ಹೇಳಿದ ಸುಳ್ಳು ನಿನ್ನ ಕೈಯನ್ನೇ ತಿನ್ನುತ್ತಿದೆ, ಅತ್ತ ಅವರ ಗ್ಯಾರೇಜನ್ನೂ ತಿನ್ನುತ್ತಿದೆ.

ನಂಬಿಕೆಯ ಮಾತು ಎತ್ತಿದೆಯಲ್ಲ, ಕೇಳು. ರೇಸಿನ ಹಿಂದಿನ ಸಂಜೆ ನೀನು ಕವರು ಹಾಕಿ ಕೈ ತೊಳೆಯಲು ಹೋದಾಗ ನಾನು ನಿನ್ನ ರೇಸ್ ಸೂಟಿನ ಜಿಪ್ಪು ಹೊಲಿಯುತ್ತಿದ್ದೆ. ಮಗಳು ಹಾಕಿದ ಕವರಿಗೆ ಗೀಟು ಎಳೆಯಲಿಲ್ಲವೇ ಎಂದು ಅಪ್ಪನನ್ನು ಕೇಳಿದೆ. "ಅವಳು ಹಾಕಿದ್ದನ್ನ ನಾನೇನು ನೋಡ್ಲಿ? ನನಗಿಂತ ಶುದ್ಧ ಅವಳ ಕೈ" ಎಂದು ಊಟಕ್ಕೆ ಎದ್ದರು. ಅವರು ನಿನ್ನ ಕವರನ್ನು ಮತ್ತೆ ಬಿಚ್ಚಲಿಲ್ಲ. ಮುಟ್ಟಿಯೂ ನೋಡಲಿಲ್ಲ. ಅವರ ತಪ್ಪು ಇರುವುದು ಅಲ್ಲಿ.

ಇಂಜಿನ್ನಿನ ಕಥೆ ಮುಗಿಸುತ್ತೇನೆ. ಲೇತ್ ಅಂಗಡಿಯವರು ಬೇರಿಂಗು ಕಚ್ಚಿ ಗೀರುಬಿದ್ದ ಕ್ರ್ಯಾಂಕ್ ದಂಡವನ್ನು ತಿಕ್ಕಿ ನುಣುಪು ಮಾಡಿಕೊಟ್ಟರು, ಹೊಸ ಬೇರಿಂಗು ಬಂತು. ಜೋಡಿಸಿದ್ದೆಲ್ಲ ನಾನೇ. ನನ್ನ ಬಣ್ಣ ಹಸಿರು. ತಳದ ಕವರೊಂದನ್ನು ಬಿಟ್ಟು ಅಪ್ಪ ಉಳಿದ ಪ್ರತಿಯೊಂದು ಬೋಲ್ಟನ್ನೂ ಮುಟ್ಟಿ ನೋಡಿ ಹಳದಿ ಗೀಟು ಎಳೆದರು. ನನ್ನನ್ನು ನಂಬುವುದಿಲ್ಲವೇ ಎಂದು ಕೆಣಕಿದೆ. "ನೋಡೋದು ಅಂದ್ರೆ ನಂಬದೇ ಇರೋದಲ್ಲ ಕಣೇ. ಅದನ್ನ ನಾನೇ ಮರೆತಿದ್ದೆ" ಎಂದರು.

ಹಿತ್ತಿಲಲ್ಲಿ ಕಬ್ಬಿಣದ ಸ್ಟ್ಯಾಂಡಿಗೆ ಕೂರಿಸಿ ಮೊದಲ ಸಲ ಚಾಲೂ ಮಾಡಿದಾಗ ಗುಡುಗಿದ ಹಾಗೆ ಎದ್ದಿತು. ಪಕ್ಕದ ಮನೆಯ ಕಿಟಕಿಗಳೆಲ್ಲ ತೆರೆದವು. ಆದರೆ ಎಣ್ಣೆಯ ಕೆಂಪು ದೀಪ ಆರಲೇ ಇಲ್ಲ. ಅಪ್ಪ ತಟ್ಟನೆ ನಿಲ್ಲಿಸಿದರು. ಎಣ್ಣೆ ನೋಡಿದೆವು, ಇತ್ತು. ದೀಪದ ತಂತಿ ನೋಡಿದೆವು, ಸರಿ ಇತ್ತು. ಪಂಪಿಗೆ ಎಣ್ಣೆ ತುಂಬಿಸಿ ಮತ್ತೆ ತಿರುಗಿಸಿದರೂ ಅದೇ ಕೆಂಪು. ಆಗ ಅಪ್ಪ ಸ್ಟೂಲಿನಿಂದ ಇಳಿದು ನೆಲದ ಮೇಲೆ ಮಲಗಿ, ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡರು. ನೀನು ಹೋದ ಮೇಲೆ ಅವರು ಅದನ್ನು ಹಿಡಿದದ್ದು ಅದೇ ಮೊದಲು. ಕವರು ಇಳಿಸಿ ನೋಡಿದರೆ, ಎಣ್ಣೆ ಹೀರುವ ಕೊಳವೆಯ ಬುಡದ ರಬ್ಬರು ಬಳೆ ಮಡಚಿಕೊಂಡು ಸಿಕ್ಕಿಬಿದ್ದಿತ್ತು. ಪಂಪು ಎಣ್ಣೆಯ ಬದಲು ಗಾಳಿ ಕುಡಿಯುತ್ತಿತ್ತು. ಅಲ್ಲಿ ನನ್ನ ಹಸಿರೂ ಇತ್ತು, ಅವರ ಹಳದಿಯೂ ಇತ್ತು. "ಇಬ್ಬರೂ ನೋಡಿದ್ವಿ, ಇಬ್ಬರಿಗೂ ಕಾಣ್ಲಿಲ್ಲ ನೋಡು" ಎಂದು ಅಪ್ಪ ಮೊದಲ ಸಲ ನಕ್ಕರು. ನಮ್ಮಂಥ ಮುದುಕರಿಗೇ ಹೀಗಾಗುವಾಗ ನಿನ್ನದೇನು ಮಹಾಪಾತಕವೇ ಮಗಳೇ? ಬಳೆ ಬದಲಿಸಿದ ಮೇಲೆ ದೀಪ ಆರಿತು. ಸದ್ದು ಅಷ್ಟು ಚೆನ್ನಾಗಿತ್ತು. "ಅವಳು ಕೇಳ್ಬೇಕಿತ್ತು" ಎಂದು ಹೇಳಿ ಒಳಗೆ ಹೋಗಿಬಿಟ್ಟರು.

ಮತ್ತೆ ಮುಚ್ಚಿದ ತಳದ ಕವರಿನಲ್ಲಿ ಈಗ ನನ್ನ ಹಸಿರು ಚುಕ್ಕೆಗಳಷ್ಟೇ ಇವೆ. ಗೀಟು ಎಳೆಯಿರಿ ಎಂದರೆ, ಅದು ಅವಳ ಕವರು, ಅವಳೇ ಎಳೆಯಲಿ ಎನ್ನುತ್ತಾರೆ. ಗೀಟು ಬೀಳದೆ ಇಂಜಿನ್ನು ನಮ್ಮ ಕಾಂಪೌಂಡು ದಾಟುವುದಿಲ್ಲವಂತೆ.

ಇದನ್ನು ಓದಿ ನೀನು ಅಳುತ್ತೀಯ, ನನಗೆ ಗೊತ್ತು. ಅತ್ತು ಮುಗಿಸಿ ಮನೆಗೆ ಬಾ. ಕ್ಷಮೆ ಗಿಮೆ ಅಂತ ಏನೂ ಕೇಳಬೇಡ, ಆ ಮನುಷ್ಯನಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇಲ್ಲ. ನನ್ನ ಕವರನ್ನು ಯಾಕೆ ನೋಡಲಿಲ್ಲ ಎಂದು ಜೋರಾಗಿ ಬೈಯಿ. ನೋಡಬೇಕಿತ್ತು ಅಲ್ಲವೇ ಎಂದು ಕೇಳು. ಹೌದು ಎನ್ನುತ್ತಾರೆ. ಈ ಸಲದ ಹೌದು ನಿಜವಾದದ್ದು.

ದಾರಿ ಕಾಯುತ್ತಿರುವ,
ನಿನ್ನ ಅಮ್ಮ

ಇನ್ನೊಂದು ಮಾತು: ಸಹಿ ಹಾಕುವಷ್ಟರಲ್ಲಿ ಅಪ್ಪ ಬಂದೇಬಿಟ್ಟರು. ಬಚ್ಚಿಡುವುದಕ್ಕೆ ಆಗಲಿಲ್ಲ. ನಿಂತೇ ಓದಿದರು, ಆಮೇಲೆ ಕೂತು ಇನ್ನೊಮ್ಮೆ ಓದಿದರು. ಹರಿದು ಹಾಕುತ್ತಾರೆ ಎಂದುಕೊಂಡೆ. ನನ್ನ ಸಹಿಯ ಮೇಲಿರುವ ಹಳದಿ ಗೀಟು ಅವರದು. ಗ್ಯಾರೇಜಿನಿಂದ ತಂದ ಪೆಟ್ಟಿಗೆಯಲ್ಲಿ ನಿನ್ನ ನೀಲಿಯ ಸೀಸೆ ಸಿಕ್ಕಿದೆ. ಬಣ್ಣ ಒಣಗಿ ಮುಚ್ಚಳ ಕಚ್ಚಿಕೊಂಡಿದೆ. ಅದನ್ನು ಬಿಡಿಸುತ್ತ ಕೂತಿದ್ದಾರೆ.